ಶಾಲೆ ಲ್ಯಾಬಿಗೆ ಕಡಿಮೆ ಖರ್ಚಿನ ಟರ್ಮಿನಲ್ ಸರ್ವರ್: 16 ಹಳೆ ಸಿಸ್ಟಮ್, 60 ಸಾವಿರ ರೂಪಾಯಿ, ಯಾವುದು ತಗೋಬೇಕು?

ಬೆಟಗೇರಿ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಬೆಟಗೇರಿಯ ಒಂದು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ನಮ್ಮ ಲ್ಯಾಬಿನಲ್ಲಿ 16 ಸಿಸ್ಟಮ್ ಇವೆ. ಎಲ್ಲವೂ ಹತ್ತು ಹನ್ನೆರಡು ವರ್ಷ ಹಳೆಯವು. ಪೆಂಟಿಯಂ ಡ್ಯುಯಲ್ ಕೋರ್, 2 ಜಿಬಿ ರ‍್ಯಾಮ್. 7 ಸಿಸ್ಟಮ್‌ಗಳ ಹಾರ್ಡ್ ಡಿಸ್ಕ್ ಪೂರ್ತಿ ಹೋಗಿವೆ. ಇನ್ನು ಮೂರು ಕಟಕಟ ಅಂತ ಸದ್ದು ಮಾಡುತ್ತಿವೆ, ಇವತ್ತೋ ನಾಳೆಯೋ ಅನ್ನುವ ಹಾಗೆ.

ಒಂಬತ್ತನೇ ತರಗತಿಯಲ್ಲಿ 52 ಮಕ್ಕಳು. ನಡೆಯುವ ಒಂದೊಂದು ಸಿಸ್ಟಮ್ ಮುಂದೆ ಐದಾರು ಮಕ್ಕಳು ಒತ್ತಿಕೊಂಡು ಕೂರುತ್ತಾರೆ. ಒಬ್ಬ ಮೌಸ್ ಹಿಡಿದರೆ ಉಳಿದವರು ನೋಡುತ್ತಾರೆ ಅಷ್ಟೇ. ಹಿಂದಿನ ವಾರ ಒಬ್ಬ ಹುಡುಗಿ ಬಂದು 'ಮಿಸ್, ಈ ವರ್ಷ ನನ್ನ ಕೈಗೆ ಕೀಬೋರ್ಡ್ ಬಂದೇ ಇಲ್ಲ' ಅಂದಳು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಹಳೆ ವಿದ್ಯಾರ್ಥಿಗಳು ಸೇರಿ 60 ಸಾವಿರ ರೂಪಾಯಿ ಕೊಟ್ಟಿದ್ದಾರೆ. ಅದರಲ್ಲಿ ಟರ್ಮಿನಲ್ ಸರ್ವರ್, ಅಂದರೆ ಉಳಿದ ಸಿಸ್ಟಮ್‌ಗಳೆಲ್ಲ ಆಧರಿಸಿ ನಡೆಯುವ ಒಂದು ಮುಖ್ಯ ಸಿಸ್ಟಮ್, ತಗೋಬೇಕು ಅಂತಿದ್ದೇನೆ. ಒಂದು ಅಂಗಡಿಯವರು ಸೆಕೆಂಡ್ ಹ್ಯಾಂಡ್ ರ‍್ಯಾಕ್ ಸರ್ವರ್ ತೋರಿಸಿದರು. ಎರಡು ಝಿಯಾನ್ ಪ್ರೊಸೆಸರ್, 64 ಜಿಬಿ ರ‍್ಯಾಮ್, 55 ಸಾವಿರ ಹೇಳಿದರು. ಅದಕ್ಕೆ ವಿಂಡೋಸ್ ಹಾಕಿ ಎಲ್ಲರೂ ಒಂದೇ ಸಲ ಲಾಗಿನ್ ಆಗುವ ಹಾಗೆ ಮಾಡಿಕೊಡುತ್ತಾರಂತೆ. ನಮಗೆ ಬೇಕಿರುವುದು ಕನ್ನಡ ಟೈಪಿಂಗ್, ಲಿಬ್ರೆ ಆಫೀಸ್, ಸ್ಕ್ರ್ಯಾಚ್, ಸ್ವಲ್ಪ ಪೈಥಾನ್, ಬ್ರೌಸರ್. ಇದು ಸರಿಯಾದ ವ್ಯವಹಾರವಾ? ಬೇರೆಯವರ ದುಡ್ಡು, ತಪ್ಪಾಗಬಾರದು. ತಿಳಿದವರು ಹೇಳಿ.

ಉಣಕಲ್ ನೆಟ್‌ವರ್ಕ್

ಮೇಡಂ, ನಮ್ಮ ಕೆಲಸದಲ್ಲಿ ಟರ್ಮಿನಲ್ ಸರ್ವರ್ ಅಂದರೆ ಬೇರೆಯದೇ. ರೌಟರ್, ಸ್ವಿಚ್‌ಗಳ ಕನ್ಸೋಲ್ ಪೋರ್ಟ್‌ಗಳನ್ನೆಲ್ಲ ಒಂದು ಡಬ್ಬಿಗೆ ಜೋಡಿಸಿ, ಕುಳಿತಲ್ಲಿಂದಲೇ ಒಳಗೆ ಹೋಗುವ ಸಾಧನ ಅದು. ಅಂಥ ಒಂದು ಹಳೆ ಸಾಧನ, ಸಿಸ್ಕೋ 2511, ನಮ್ಮಲ್ಲಿ ಇನ್ನೂ ಇದೆ. ಎರಡು ಆಕ್ಟಲ್ ಕೇಬಲ್ ಹಾಕಿದರೆ 16 ಸೀರಿಯಲ್ ಲೈನ್. ಟೆಲ್ನೆಟ್‌ನಲ್ಲಿ 2001ರಿಂದ 2016ರವರೆಗಿನ ಪೋರ್ಟ್‌ಗೆ ಹೋದರೆ ಆಯಾ ಲೈನ್ ಸಿಗುತ್ತದೆ. ಅದನ್ನೇ ಕೇಳುತ್ತಿದ್ದೀರಿ ಅಂದುಕೊಂಡು ಈ ಥ್ರೆಡ್ ತೆರೆದೆ. ನಿಮಗೆ ಬೇಕಾದದ್ದು ಥಿನ್ ಕ್ಲೈಂಟ್, ಅಂದರೆ ಸರ್ವರ್ ಆಧಾರದಲ್ಲಿ ನಡೆಯುವ ಚಿಕ್ಕ ಸಿಸ್ಟಮ್‌ಗಳ ಕಡೆಯದು. ಅದನ್ನು ಬಲ್ಲವರು ಇಲ್ಲಿದ್ದಾರೆ, ಹೇಳುತ್ತಾರೆ. ನೆಟ್‌ವರ್ಕ್ ವೈರಿಂಗ್ ಬಗ್ಗೆ ಏನಾದರೂ ಬೇಕಿದ್ದರೆ ನಾನಿದ್ದೇನೆ.

ಧಾರವಾಡ ಲಿನಕ್ಸ್

ಮೇಡಂ, ಆ 55 ಸಾವಿರದ ಸರ್ವರ್ ತಗೋಬೇಡಿ. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಲ್ಯಾಬಿನ ಮಟ್ಟಿಗೆ ಎರಡು ದಾರಿ ಇವೆ. ಒಂದು ಹಳೆ ದಾರಿ. ಎಲ್ಲ ಕೆಲಸ ಸರ್ವರ್ ಒಳಗೇ ನಡೆಯುತ್ತದೆ. ಮಕ್ಕಳ ಮುಂದಿನ ಸಿಸ್ಟಮ್ ಬರೀ ಪರದೆ ತೋರಿಸುತ್ತದೆ, ಕೀಬೋರ್ಡಿನಲ್ಲಿ ಒತ್ತಿದ್ದನ್ನು ಸರ್ವರ್‌ಗೆ ಕಳಿಸುತ್ತದೆ. 16 ಮಕ್ಕಳು ಬ್ರೌಸರ್ ತೆಗೆದರೆ 16 ಬ್ರೌಸರ್‌ಗಳ ಭಾರವೂ ಒಂದೇ ಡಬ್ಬಿಯ ಮೇಲೆ. ಆಗ ದೊಡ್ಡ ಸರ್ವರ್ ಬೇಕೇ ಬೇಕು. ಆದರೂ ವಿಡಿಯೋ ಹಾಕಿದ ಕೂಡಲೇ ತಡವರಿಸುತ್ತದೆ. ಲೆಕ್ಕ ಹಾಕಿ ನೋಡಿ. 1024 ಗುಣಿಸು 768 ಚುಕ್ಕಿಗಳ ಪರದೆ, ಚುಕ್ಕಿಗೆ 3 ಬೈಟ್, ಸೆಕೆಂಡಿಗೆ 25 ಚಿತ್ರ. ಕುಗ್ಗಿಸದೆ ಕಳಿಸಿದರೆ ಸೆಕೆಂಡಿಗೆ ಸುಮಾರು 59 ಎಂಬಿ, ಅಂದರೆ 470 ಮೆಗಾಬಿಟ್. ಇಬ್ಬರು ಮಕ್ಕಳು ವಿಡಿಯೋ ನೋಡಿದರೆ ಗಿಗಾಬಿಟ್ ವೈರು ತುಂಬಿ ಹೋಯಿತು. ಕುಗ್ಗಿಸಿ ಕಳಿಸಬಹುದು, ಆದರೆ ಆ ಕುಗ್ಗಿಸುವ ಕೆಲಸವನ್ನೂ ಸರ್ವರ್ರೇ ಮಾಡಬೇಕು.

ಇನ್ನೊಂದು ದಾರಿ ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್, ಎಲ್‌ಟಿಎಸ್‌ಪಿ ಅಂತೀವಿ. 1999ರಲ್ಲಿ ಶುರುವಾದದ್ದು, 2019ರಲ್ಲಿ ಪೂರ್ತಿ ಹೊಸದಾಗಿ ಬರೆದರು. ಹೆಸರಿನಲ್ಲಿ ಟರ್ಮಿನಲ್ ಸರ್ವರ್ ಅಂತ ಉಳಿದಿದೆ, ಆದರೆ ಈಗ ಅದು ಕೆಲಸ ಮಾಡುವ ರೀತಿಯೇ ಬೇರೆ. ನಿಮ್ಮ ಹಳೆ ಸಿಸ್ಟಮ್ ಹಾರ್ಡ್ ಡಿಸ್ಕ್ ಇಲ್ಲದೆ ನೆಟ್‌ವರ್ಕ್ ಮೂಲಕ ಬೂಟ್ ಆಗುತ್ತದೆ. ಸರ್ವರ್‌ನಲ್ಲಿರುವ ಒಂದೇ ಇಮೇಜ್ ಫೈಲನ್ನು (ಇಡೀ ಲಿನಕ್ಸ್ ತುಂಬಿಟ್ಟ ಫೈಲು) ಎಲ್ಲ 16 ಸಿಸ್ಟಮ್ಮೂ ಓದುತ್ತವೆ. ಬೂಟ್ ಆದ ಮೇಲೆ ಬ್ರೌಸರ್, ಸ್ಕ್ರ್ಯಾಚ್, ವಿಡಿಯೋ ಎಲ್ಲ ನಡೆಯುವುದು ಆ ಸಿಸ್ಟಮ್‌ನ ಸ್ವಂತ ಪ್ರೊಸೆಸರ್, ಸ್ವಂತ ರ‍್ಯಾಮ್ ಮೇಲೆ. ಮಕ್ಕಳ ಹೋಮ್ ಫೋಲ್ಡರ್ ಮಾತ್ರ ಸರ್ವರ್‌ನಲ್ಲಿ. ಯಾವ ಸಿಸ್ಟಮ್ ಮುಂದೆ ಕೂತರೂ ಅವರವರ ಫೈಲು ಅವರವರಿಗೆ.

ಹಾಗಾಗಿ ಸರ್ವರ್‌ನ ಕೆಲಸ ಫೈಲ್ ಹಂಚುವುದು ಅಷ್ಟೇ. ಅದಕ್ಕೆ ಎರಡು ಝಿಯಾನ್ ಬೇಡ. ಆಫೀಸುಗಳಿಂದ ಬರುವ ಸೆಕೆಂಡ್ ಹ್ಯಾಂಡ್ ಟವರ್ ಸಿಸ್ಟಮ್ ಸಾಕು. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್, ಈ ಜಾತಿಯವು. ಎಂಟನೇ ತಲೆಮಾರಿನ ಐ5, 16 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ. ಅಂಗೈಯಗಲದ ಮಿನಿ ಸಿಸ್ಟಮ್ ಬೇಡ, ಅದರಲ್ಲಿ ಎರಡನೇ ಲ್ಯಾನ್ ಕಾರ್ಡ್ ಹಾಕಲು ಜಾಗ ಇರುವುದಿಲ್ಲ.

ಎಸ್‌ಎಸ್‌ಡಿ ವಿಷಯದಲ್ಲೂ ಜಾಸ್ತಿ ಖರ್ಚು ಮಾಡಬೇಡಿ. ಸಾಮಾನ್ಯ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 500 ಎಂಬಿ ಓದುತ್ತದೆ. ಗಿಗಾಬಿಟ್ ವೈರಿನಲ್ಲಿ ಹೋಗುವುದು ಹೆಚ್ಚೆಂದರೆ 110 ಎಂಬಿ. ಎಸ್‌ಎಸ್‌ಡಿ ಎಷ್ಟು ಜೋರಾಗಿದ್ದರೂ ವೈರು ತಡೆಯುತ್ತದೆ. ಅದೂ ಅಲ್ಲದೆ ಇಮೇಜ್ ಫೈಲ್ ನಾಲ್ಕೈದು ಜಿಬಿ ಇರುತ್ತದೆ. ಒಂದು ಸಲ ಓದಿದ ಮೇಲೆ ಸರ್ವರ್‌ನ ರ‍್ಯಾಮ್‌ನಲ್ಲೇ ಕೂತಿರುತ್ತದೆ. 16 ಜಿಬಿ ಅಂದದ್ದು ಅದಕ್ಕೇ.

ಉಳಿದ ದುಡ್ಡನ್ನು ಸ್ವಿಚ್, ವೈರು, ಮಕ್ಕಳ ಸಿಸ್ಟಮ್‌ಗಳ ರ‍್ಯಾಮ್, ಸರ್ವರ್‌ಗೆ ಒಂದು ಯುಪಿಎಸ್, ಇವುಗಳ ಮೇಲೆ ಹಾಕಿ. ಲ್ಯಾಬ್ ಎದ್ದು ನಿಲ್ಲುವುದು ಅಲ್ಲಿ.

ಬ್ಯಾಡಗಿ ಲೆಕ್ಕ

ವಿಂಡೋಸ್ ವಿಷಯ ನಾನು ಹೇಳುತ್ತೇನೆ. ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮಲ್ಲಿ ವಿಂಡೋಸ್ ಸರ್ವರ್ ಮೇಲೆ ಆರು ಜನ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕೆಲಸ ಮಾಡುತ್ತೇವೆ. ಚೆನ್ನಾಗಿಯೇ ನಡೆಯುತ್ತಿದೆ. ಆದರೆ ಖರ್ಚು ಡಬ್ಬಿಯದಲ್ಲ, ಲೈಸೆನ್ಸ್‌ನದು. ವಿಂಡೋಸ್ ಸರ್ವರ್‌ಗೆ ಒಂದು, ಅದಕ್ಕೆ ಬರುವ ಪ್ರತಿ ಬಳಕೆದಾರನಿಗೆ ಅಥವಾ ಪ್ರತಿ ಸಾಧನಕ್ಕೆ ಒಂದು, ಮತ್ತೆ ರಿಮೋಟ್ ಡೆಸ್ಕ್‌ಟಾಪ್‌ಗೆ ಪ್ರತ್ಯೇಕವಾಗಿ ಇನ್ನೊಂದು. ಮೊದಲ 120 ದಿನ ಕೊನೆಯದು ಇಲ್ಲದೆಯೂ ಓಡುತ್ತದೆ. ಅಂಗಡಿಯವರು ಹಾಕಿಕೊಟ್ಟು ಹೋಗುತ್ತಾರೆ, ನಾಲ್ಕು ತಿಂಗಳಾದ ಮೇಲೆ ಒಂದು ದಿನ ಯಾರಿಗೂ ಲಾಗಿನ್ ಆಗುವುದಿಲ್ಲ. ನಮ್ಮಲ್ಲಿ ಹಾಗೇ ಆಯಿತು, ಅದೂ ಗುರುವಾರ. ಇಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಟೆಂಡರ್. ರೈತರು ಪಟ್ಟಿಗಾಗಿ ಸಾಲು ನಿಂತಿದ್ದರು, ನಾವು ಕೈಯಲ್ಲಿ ಬರೆದು ಕೊಟ್ಟೆವು. ರಾತ್ರಿ ಹನ್ನೊಂದಾಯಿತು.

ಸಾಮಾನ್ಯ ವಿಂಡೋಸ್ 10, 11ರಲ್ಲಿ ಒಂದು ಸಲಕ್ಕೆ ಒಬ್ಬರಿಗೇ ಅವಕಾಶ. ಅದನ್ನು ತಿದ್ದಿ ಹತ್ತು ಜನರಿಗೆ ಮಾಡಿಕೊಡುವ ಸಾಫ್ಟ್‌ವೇರ್ ಸಿಗುತ್ತದೆ. ಲೈಸೆನ್ಸ್ ಪ್ರಕಾರ ಅದು ತಪ್ಪು, ಅಪ್‌ಡೇಟ್ ಬಂದಾಗಲೆಲ್ಲ ಕೆಡುತ್ತದೆ ಕೂಡ. ಅಂಗಡಿಯವರು ನಿಮಗೆ ಹೇಳಿದ್ದು ಇದೇ ಇರಬಹುದು ಮೇಡಂ. ಬಿಲ್ಲಿನಲ್ಲಿ ಯಾವ ಲೈಸೆನ್ಸ್, ಎಷ್ಟು ಅಂತ ಬರೆದುಕೊಡಿ ಅಂತ ಕೇಳಿ. ಬರೆದುಕೊಡದಿದ್ದರೆ ಬಿಟ್ಟುಬಿಡಿ. ನಮಗೆ ವಿಂಡೋಸ್ ಬೇಕಾದದ್ದು ಟ್ಯಾಲಿಗಾಗಿ. ಟ್ಯಾಲಿಗೂ ಬಹಳ ಜನ ಬಳಸುವ ಗೋಲ್ಡ್ ಲೈಸೆನ್ಸ್ ಬೇರೆ ಬೇಕು. ಮಕ್ಕಳ ಕೆಲಸಕ್ಕೆ ಆ ಖರ್ಚು ಯಾಕೆ?

ಇನ್ನೊಂದು ಮಾತು. ಇಲ್ಲಿ ಮೊದಲು ಎಲ್ಲರಿಗೂ ಮಾಮೂಲಿ ಸಿಸ್ಟಮ್ ಇದ್ದವು. ಸೀಸನ್ನಿನಲ್ಲಿ ಮೆಣಸಿನಕಾಯಿ ಧೂಳು ಎಲ್ಲ ಕಡೆ ನುಗ್ಗುತ್ತದೆ. ಒಂದು ಸಲ ಕ್ಯಾಬಿನೆಟ್ ತೆರೆದೆ. ಪ್ರೊಸೆಸರ್ ಫ್ಯಾನಿನ ಎಲೆಗಳ ಮೇಲೆ ಕೆಂಪು ಧೂಳು ಕಂಬಳಿಯ ಹಾಗೆ ಕೂತಿತ್ತು. ಬ್ಲೋಯರ್ ಹೊಡೆದ ಕೂಡಲೇ ಘಾಟು ಎದ್ದು ಇಡೀ ಅಂಗಡಿ ಕೆಮ್ಮಿತು. ಈಗ ಮುಂದಿನ ಕೋಣೆಯಲ್ಲಿರುವುದು ಫ್ಯಾನೇ ಇಲ್ಲದ ಥಿನ್ ಕ್ಲೈಂಟ್‌ಗಳು, ಸರ್ವರ್ ಒಳಗಿನ ಕೋಣೆಯಲ್ಲಿದೆ. ಮೂರು ಸೀಸನ್ ಆಯಿತು, ಒಂದೂ ಕೆಟ್ಟಿಲ್ಲ. ಧೂಳಿರುವ ಜಾಗಕ್ಕೆ ಟರ್ಮಿನಲ್ ಸರ್ವರ್ ನಿಜವಾಗಿಯೂ ಒಳ್ಳೆಯದು.

ಗದಗ ಡಿಟಿಪಿ

ನಾನು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಡಿಟಿಪಿ ಮಾಡುತ್ತೇನೆ. ಧಾರವಾಡದ ಸರ್, ನನ್ನದೂ ಎರಡು ಪ್ರಶ್ನೆ. ಮಕ್ಕಳಿಗೆ ನುಡಿ ಕೀಬೋರ್ಡ್ ಸಿಗುತ್ತದೆಯಾ? ನಾವು ಆಫೀಸಿನಲ್ಲಿ ನಾಲ್ಕು ಜನ ಕೋರೆಲ್‌ಡ್ರಾ ಬಳಸುತ್ತೇವೆ. ನಮಗೂ ಇಂಥ ಸರ್ವರ್ ಆಗಬಹುದಾ?

ಧಾರವಾಡ ಲಿನಕ್ಸ್

ಎರಡನೆಯದಕ್ಕೆ ಮೊದಲು ಉತ್ತರ. ಬೇಡ. ಬಣ್ಣದ ಕೆಲಸ, ದೊಡ್ಡ ಚಿತ್ರ, ಜೊತೆಗೆ ವಿಂಡೋಸ್ ಸಾಫ್ಟ್‌ವೇರ್. ಅವರವರ ಸಿಸ್ಟಮ್ ಅವರವರ ಬಳಿಯೇ ಇರಲಿ. ಫೈಲ್ ಇಡಲು ಒಂದು ಶೇರ್ ಫೋಲ್ಡರ್, ಅದರ ಬ್ಯಾಕಪ್, ಅಷ್ಟು ಮಾಡಿಕೊಳ್ಳಿ.

ನುಡಿ ಕೀಬೋರ್ಡ್ ಸಿಗುತ್ತದೆ. ಲಿನಕ್ಸ್‌ನಲ್ಲಿ ಐಬಸ್ ಅನ್ನುವ ಟೈಪಿಂಗ್ ಸಾಫ್ಟ್‌ವೇರ್ ಹಾಕಿ, ಅದರ ಎಂ17ಎನ್ ಪಟ್ಟಿಯಲ್ಲಿ ಕನ್ನಡದ ಕೆಜಿಪಿ ವಿನ್ಯಾಸ ಆರಿಸಿ. ಕನ್ನಡ ಗಣಕ ಪರಿಷತ್ತಿನ ವಿನ್ಯಾಸವೇ ಅದು, ನುಡಿಯಲ್ಲಿ ಕಲಿತ ಬೆರಳು ಹಾಗೇ ಓಡುತ್ತದೆ. ಇನ್‌ಸ್ಕ್ರಿಪ್ಟ್ ಕೂಡ ಇದೆ. ಅಕ್ಷರಕ್ಕೆ ಲೋಹಿತ್, ಗುಬ್ಬಿ, ನವಿಲು, ನೋಟೋ ಎಲ್ಲ ಸಿಗುತ್ತವೆ. ಹಳೆ ನುಡಿಯಲ್ಲಿ ಟೈಪ್ ಮಾಡಿದ, ಯೂನಿಕೋಡ್ ಅಲ್ಲದ ಫೈಲುಗಳಿದ್ದರೆ ಮಾತ್ರ ಮೊದಲು ಪರಿವರ್ತನೆ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ.

ಎಲ್‌ಟಿಎಸ್‌ಪಿಯಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ. ಸರ್ವರ್‌ನಲ್ಲಿ ಒಂದು ಸಲ ಕನ್ನಡ ಜೋಡಿಸಿ, ಎಲ್‌ಟಿಎಸ್‌ಪಿ ಇಮೇಜ್ ಆಜ್ಞೆ ಕೊಟ್ಟರೆ ಸಾಕು. ಮಾರನೇ ದಿನ ಎಲ್ಲ 16ರಲ್ಲೂ ಕನ್ನಡ ಇರುತ್ತದೆ. 16 ಸಲ ಕೂತು ಮಾಡುವ ಗೋಳು ಇಲ್ಲ.

ರಾಣೇಬೆನ್ನೂರು ರಿಪೇರಿ

ಅಕ್ಕೋರೆ, ನಾನು ಇಪ್ಪತ್ತು ವರ್ಷದಿಂದ ಹಳೆ ಸಿಸ್ಟಮ್ ಬಿಚ್ಚಿ ಜೋಡಿಸುವವನು. ಮೇಲಿನ ಅಣ್ಣ ಹೇಳಿದ್ದು ಸರಿ. ಆದರೆ ಹಳೆ ಸಿಸ್ಟಮ್ ನೆಟ್‌ವರ್ಕ್‌ನಿಂದ ಬೂಟ್ ಆಗಬೇಕಾದರೆ ಬಯಾಸ್‌ನಲ್ಲಿ (ಆನ್ ಮಾಡಿದ ಕೂಡಲೇ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಲ್ಯಾನ್ ಬೂಟ್ ರಾಮ್ ಅನ್ನುವುದನ್ನು ಆನ್ ಮಾಡಬೇಕು. ನೀವು ಇವತ್ತು ಮಾಡುತ್ತೀರಿ, ನಾಳೆ ಬೆಳಿಗ್ಗೆ ಮತ್ತೆ ಆಫ್ ಆಗಿರುತ್ತದೆ. ಯಾಕೆ ಅಂದರೆ ಮದರ್‌ಬೋರ್ಡ್ ಮೇಲಿನ ಬಟನ್ ಸೆಲ್ ಸತ್ತಿರುತ್ತದೆ. ಸಿಆರ್ 2032 ಅಂತ ಕೇಳಿ, 16 ತಗೊಳ್ಳಿ. ಗೊತ್ತಾಗುವುದು ಸುಲಭ. ಸಿಸ್ಟಮ್ ಆನ್ ಮಾಡಿದಾಗ ತಾರೀಖು ಹಳೆ ಇಸವಿ ತೋರಿಸಿದರೆ ಸೆಲ್ ಹೋಗಿದೆ ಅಂತಲೇ ಅರ್ಥ.

ಕ್ಯಾಬಿನೆಟ್ ಬಿಚ್ಚಿದಾಗಲೇ ರ‍್ಯಾಮ್ ತೆಗೆದು, ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹಾಕಿ. ಕೆಪಾಸಿಟರ್ ತಲೆ ಉಬ್ಬಿದ್ದ ಬೋರ್ಡ್ ಇದ್ದರೆ ಬೇರೆ ಇಡಿ, ಅದಕ್ಕೆ ದುಡ್ಡು ಹಾಕಬೇಡಿ. 2 ಜಿಬಿಯಲ್ಲಿ ಬೂಟ್ ಆಗುತ್ತದೆ, ಆದರೆ ಬ್ರೌಸರ್ ತೆಗೆದರೆ ಒದ್ದಾಡುತ್ತದೆ. ಡಿಡಿಆರ್3 ಸೆಕೆಂಡ್ ಹ್ಯಾಂಡ್ 4 ಜಿಬಿ ಸ್ಟಿಕ್ ಸಿಗುತ್ತವೆ. ಖಾಲಿ ಸ್ಲಾಟ್ ಇದ್ದರೆ ಒಂದೊಂದು ಹಾಕಿಸಿ. ಇದ್ದ 2 ಸೇರಿ 6 ಆಗುತ್ತದೆ, ಮಕ್ಕಳ ಕೆಲಸಕ್ಕೆ ಧಾರಾಳ. ಒಂದೇ ಸಲ 16 ತರಬೇಡಿ. ಎರಡು ತಂದು ನಿಮ್ಮ ಬೋರ್ಡಿಗೆ ಹೊಂದುತ್ತದಾ ನೋಡಿ, ಆಮೇಲೆ ಉಳಿದದ್ದು.

ಆ ಹಾರ್ಡ್ ಡಿಸ್ಕ್‌ಗಳನ್ನು ಪೂರ್ತಿ ತೆಗೆದುಹಾಕಿ. ಸಾಯುತ್ತಿರುವ ಡಿಸ್ಕ್ ಒಳಗಿದ್ದರೆ ಬೂಟ್ ಹೊತ್ತಿನಲ್ಲಿ ಅದನ್ನು ಹುಡುಕುತ್ತಾ ನಿಲ್ಲುತ್ತದೆ.

ಉಣಕಲ್ ನೆಟ್‌ವರ್ಕ್

ಸ್ವಿಚ್ ಯಾವುದಿದೆ ಮೇಡಂ? ಅದು ತುಂಬ ಮುಖ್ಯ. ನಾನು ನೋಡಿದ ಹಾಗೆ ಒಂದು ಸಿಸ್ಟಮ್ ಬೂಟ್ ಆಗಿ ಡೆಸ್ಕ್‌ಟಾಪ್ ಬರುವಷ್ಟರಲ್ಲಿ ಸುಮಾರು 300 ಎಂಬಿ ಎಳೆದುಕೊಳ್ಳುತ್ತದೆ. 16ಕ್ಕೆ 4,800 ಎಂಬಿ. ಹಳೆ 100 ಮೆಗಾಬಿಟ್ ಸ್ವಿಚ್ ಆದರೆ ಸರ್ವರ್‌ನಿಂದ ಹೊರಡುವುದೇ ಸೆಕೆಂಡಿಗೆ 11 ಎಂಬಿ. ಎಲ್ಲ ಒಟ್ಟಿಗೆ ಆನ್ ಮಾಡಿದರೆ ಏಳು ನಿಮಿಷಕ್ಕಿಂತ ಜಾಸ್ತಿ. 40 ನಿಮಿಷದ ಪೀರಿಯಡ್ಡಿನಲ್ಲಿ ಅದು ಸಣ್ಣದಲ್ಲ. ಗಿಗಾಬಿಟ್ ಸ್ವಿಚ್ ಹಾಕಿದರೆ ಅದೇ ಕೆಲಸ ಮುಕ್ಕಾಲು ನಿಮಿಷ. ಮಕ್ಕಳ ಸಿಸ್ಟಮ್‌ನ ಲ್ಯಾನ್ 100 ಮೆಗಾಬಿಟ್ ಇದ್ದರೂ ತೊಂದರೆ ಇಲ್ಲ. ಸರ್ವರ್ ಮತ್ತು ಸ್ವಿಚ್ ನಡುವೆ ಗಿಗಾಬಿಟ್ ಇರಲೇಬೇಕು.

ಕೇಬಲ್ ತಗೊಳ್ಳುವಾಗ ಒಂದು ತುದಿ ಕತ್ತರಿಸಿ ಒಳಗಿನ ತಂತಿಯನ್ನು ಚಾಕುವಿನಿಂದ ಕೆರೆದು ನೋಡಿ. ಕೆರೆದ ಜಾಗ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಕಡಿಮೆ ದರಕ್ಕೆ ಸಿಗುತ್ತದೆ, ಆದರೆ ದಿನ ಕಳೆದ ಹಾಗೆ ಒಂದೊಂದೇ ಜೋಡಿ ಬಿಟ್ಟುಕೊಳ್ಳಬಹುದು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಸಾಕು. ಅದಕ್ಕೇ ಉಳಿದ ಎರಡರಲ್ಲಿ ಒಂದು ಜೋಡಿ ಹೋದರೂ ಲಿಂಕ್ ನಡೆಯುತ್ತಲೇ ಇರುತ್ತದೆ, ಸುಮ್ನೆ ನಿಧಾನ ಆಗುತ್ತದೆ. ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಒಳಗೂ ತಾಮ್ರವೇ ಇರುವ ಕ್ಯಾಟ್ 6 ತಗೊಳ್ಳಿ.

ಬೆಟಗೇರಿ ಟೀಚರ್

ಇಷ್ಟೊಂದು ಜನ ಸಮಯ ಕೊಟ್ಟು ಬರೆದಿದ್ದೀರಿ, ನಿಮ್ಮ ಉಪಕಾರ ಮರೆಯಲಾರೆ. ಅಂಗಡಿಯವರಿಗೆ ಬೇಡ ಅಂತ ಹೇಳಿಬಿಟ್ಟೆ. ಈಗ ಒಂದು ಪ್ರಯೋಗ ಮಾಡುತ್ತಿದ್ದೇನೆ. ಇನ್ನೂ ಏನೂ ಕೊಂಡಿಲ್ಲ. ನನ್ನ ತಮ್ಮನ ಸಿಸ್ಟಮ್ ಮನೆಯಿಂದ ತಂದು, ಅದರಲ್ಲಿ ಲಿನಕ್ಸ್ ಮತ್ತು ಎಲ್‌ಟಿಎಸ್‌ಪಿ ಹಾಕಿದೆ. ಲ್ಯಾಬಿನ ಎರಡು ಸಿಸ್ಟಮ್‌ಗೆ ಸೆಲ್ ಬದಲಾಯಿಸಿದೆ. ಎರಡರಲ್ಲೂ ಇಸವಿ 2009 ಅಂತ ತೋರಿಸುತ್ತಿತ್ತು, ರಾಣೇಬೆನ್ನೂರಿನ ಅಣ್ಣ ಹೇಳಿದ ಹಾಗೇ.

ಮಧ್ಯಾಹ್ನ ಒಂದು ಸಿಸ್ಟಮ್ ಬೂಟ್ ಆಯಿತು. ಕಣ್ಣಲ್ಲಿ ನೀರು ಬಂತು ನಿಜ. ಸಂಜೆ ಐದೂವರೆಗೆ ಎರಡನೆಯದನ್ನು ನೋಡೋಣ ಅಂತ ಆನ್ ಮಾಡಿದರೆ ಕಪ್ಪು ಪರದೆ ಮೇಲೆ ಪಿಎಕ್ಸ್‌ಇ-ಇ52 ಅಂತ ಬಂದು ನಿಂತಿತು. ಮಧ್ಯಾಹ್ನ ನಡೆದದ್ದೂ ಈಗ ಹಾಗೇ ಅನ್ನುತ್ತಿದೆ. ಏನೂ ಮುಟ್ಟಿಲ್ಲ.

ಧಾರವಾಡ ಲಿನಕ್ಸ್

ಇ52 ಅಂದರೆ ತುಂಬ ಸ್ಪಷ್ಟ ಮೇಡಂ. ಬೂಟ್ ಎಲ್ಲಿಂದ ಮಾಡಬೇಕು ಅಂತ ಹೇಳುವವರು ಸಿಕ್ಕಿದ್ದಾರೆ, ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಸಿಸ್ಟಮ್ ಗುರುತಿಸುವ ನಂಬರು) ಕೊಡುವವರು ಸಿಕ್ಕಿಲ್ಲ ಅಂತ. ನಿಮ್ಮ ಸರ್ವರ್ ಬೂಟ್ ಮಾಹಿತಿ ಕೊಡುತ್ತಿದೆ. ಐಪಿ ಕೊಡುತ್ತಿದ್ದದ್ದು ಇಂಟರ್ನೆಟ್ ರೌಟರ್. ಅದು ಎಲ್ಲಿದೆ? ಐದು ಗಂಟೆಗೆ ಯಾರಾದರೂ ಆಫ್ ಮಾಡುತ್ತಾರಾ?

ಬೆಟಗೇರಿ ಟೀಚರ್

ಆಫೀಸ್ ಕೋಣೆಯಲ್ಲಿದೆ. ಹೌದು, ಕ್ಲರ್ಕ್ ಮನೆಗೆ ಹೋಗುವಾಗ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕುತ್ತಾರೆ.

ಧಾರವಾಡ ಲಿನಕ್ಸ್

ಅದೇ ಕಾರಣ. ಸರ್ವರ್ ತಗೊಂಡಾಗ ಅದಕ್ಕೆ ಎರಡನೇ ಗಿಗಾಬಿಟ್ ಲ್ಯಾನ್ ಕಾರ್ಡ್ ಹಾಕಿ. ಒಂದು ಕಾರ್ಡ್ ಆಫೀಸಿನ ರೌಟರ್ ಕಡೆಗೆ, ಇನ್ನೊಂದು ಲ್ಯಾಬಿನ ಸ್ವಿಚ್ ಕಡೆಗೆ. ಲ್ಯಾಬಿನ ಕಡೆಯ ಕಾರ್ಡಿಗೆ 192.168.67.1 ಕೊಡಿ. ಎಲ್‌ಟಿಎಸ್‌ಪಿ ಬರೆದುಕೊಡುವ ಡಿಎನ್ಎಸ್‌ಮಾಸ್ಕ್ ಫೈಲಿನಲ್ಲಿ ಆ ಸರಣಿಗೆ ಐಪಿ ಹಂಚುವ ವ್ಯವಸ್ಥೆ ಮೊದಲೇ ಇರುತ್ತದೆ. ಆಮೇಲೆ ಆಫೀಸ್ ರೌಟರ್ ಇದ್ದರೂ ಇಲ್ಲದಿದ್ದರೂ ಲ್ಯಾಬ್ ಬೂಟ್ ಆಗುತ್ತದೆ.

ಒಂದೇ ವೈರಿನ ಮೇಲೆ ಐಪಿ ಹಂಚುವವರು ಇಬ್ಬರಾಗದ ಹಾಗೆ ನೋಡಿಕೊಳ್ಳಿ. ನಾನು ಮೊದಲ ಸಲ ಒಂದು ಕಾಲೇಜಿನಲ್ಲಿ ಇದನ್ನು ಮಾಡಿದಾಗ ಎರಡೂ ಒಂದೇ ಸ್ವಿಚ್‌ನಲ್ಲಿದ್ದವು. ಪ್ರಿನ್ಸಿಪಾಲರ ಕಂಪ್ಯೂಟರ್‌ಗೆ ನನ್ನ ಸರ್ವರ್ ಐಪಿ ಕೊಟ್ಟುಬಿಟ್ಟಿತು. ಪರೀಕ್ಷೆ ಅರ್ಜಿ ತುಂಬುವ ಕೊನೆಯ ದಿನ, ಆಫೀಸಿನ ಇಂಟರ್ನೆಟ್ ಎರಡು ಗಂಟೆ ನಿಂತಿತ್ತು. ಮಕ್ಕಳು ಕಿಟಕಿ ಮುಂದೆ ಕಾಯುತ್ತಿದ್ದದ್ದು ಇನ್ನೂ ನೆನಪಿದೆ. ಅವತ್ತಿನಿಂದ ನಾನು ಲ್ಯಾಬಿನ ವೈರು ಬೇರೆ ಮಾಡದೆ ಕೆಲಸ ಶುರು ಮಾಡುವುದಿಲ್ಲ.

ಮುಳಗುಂದ ನಾಕಾ

ನಾನು ಮೇಡಂ ಅವರ ಶಾಲೆಯ ಹಳೆ ವಿದ್ಯಾರ್ಥಿ, ದುಡ್ಡು ಸೇರಿಸಿದವರಲ್ಲಿ ಒಬ್ಬ. ಒಂದು ಸಂಶಯ ಕೇಳಲೇಬೇಕು. ಈಗ ಒಂದು ಸಿಸ್ಟಮ್ ಕೆಟ್ಟರೆ ಒಂದೇ ಕೆಡುತ್ತದೆ. ನಾಳೆ ಸರ್ವರ್ ಕೆಟ್ಟರೆ 16ಕ್ಕೆ 16 ನಿಲ್ಲುತ್ತವೆ. ಇದಕ್ಕೆ ಏನು ಮಾಡುತ್ತೀರಿ?

ಧಾರವಾಡ ಲಿನಕ್ಸ್

ಸರಿಯಾದ ಪ್ರಶ್ನೆ. ಇದನ್ನು ಕೇಳದೆ ದುಡ್ಡು ಹಾಕಿದ ಲ್ಯಾಬ್‌ಗಳೇ ಜಾಸ್ತಿ.

ಸರ್ವರ್ ಸಾಮಾನ್ಯ ಡೆಸ್ಕ್‌ಟಾಪ್ ಆಗಿರಲಿ ಅಂತ ನಾನು ಹಟ ಮಾಡುವುದಕ್ಕೆ ಇದೂ ಒಂದು ಕಾರಣ. ಹಳೆ ರ‍್ಯಾಕ್ ಸರ್ವರ್‌ನ ಪವರ್ ಸಪ್ಲೈ ಹೋದರೆ ಅದರ ಬಿಡಿಭಾಗ ಬೆಂಗಳೂರಿನಿಂದ ತರಿಸಬೇಕಾಗಬಹುದು. ಡೆಸ್ಕ್‌ಟಾಪ್ ಹೋದರೆ ಎಸ್‌ಎಸ್‌ಡಿ ಬಿಚ್ಚಿ ಅಂಥದೇ ಇನ್ನೊಂದಕ್ಕೆ ಹಾಕಿ ಆನ್ ಮಾಡಿದರಾಯಿತು. ನೆಟ್‌ವರ್ಕ್ ಕಾರ್ಡಿನ ಹೆಸರು ಒಂದು ಬದಲಾಗಬಹುದು, ಅಷ್ಟು ತಿದ್ದಬೇಕು. ವ್ಯವಸ್ಥೆ ಪೂರ್ತಿ ಸಿದ್ಧವಾದ ದಿನ ಡಿಸ್ಕ್ ನಕಲು ಮಾಡುವ ಕ್ಲೋನ್‌ಜಿಲ್ಲಾದಿಂದ ಎಸ್‌ಎಸ್‌ಡಿಯ ಒಂದು ಪ್ರತಿ ತೆಗೆದು ಬೀರುವಿನಲ್ಲಿಡಿ. ಮಕ್ಕಳ ಹೋಮ್ ಫೋಲ್ಡರ್ ಬೇರೆ ಡಿಸ್ಕಿನಲ್ಲಿರಲಿ. ಪ್ರತಿ ದಿನ ಲ್ಯಾಬ್ ಮುಚ್ಚುವ ಮುಂಚೆ ಆರ್‌ಸಿಂಕ್‌ನಿಂದ ಹೊರಗಿನ ಡಿಸ್ಕಿಗೆ ನಕಲು ಆಗಲಿ.

ಕರೆಂಟ್ ವಿಷಯ. ಸರ್ವರ್ ಮತ್ತು ಸ್ವಿಚ್ ಎರಡಕ್ಕೂ ಸೇರಿ ಒಂದು 600 ವಿಎ ಯುಪಿಎಸ್ ಸಾಕು, ಎರಡೂ ಸೇರಿ ನೂರು ವ್ಯಾಟ್ ಮುಟ್ಟುವುದಿಲ್ಲ. ಯುಎಸ್‌ಬಿ ಕೇಬಲ್ ಇರುವ ಯುಪಿಎಸ್ ತಗೊಳ್ಳಿ. ಬ್ಯಾಟರಿ ಇಳಿದಾಗ ಸರ್ವರ್ ತಾನೇ ಸರಿಯಾಗಿ ಮುಚ್ಚಿಕೊಳ್ಳುವ ಹಾಗೆ ನಟ್ ಅನ್ನುವ ಸಾಫ್ಟ್‌ವೇರ್ ಜೋಡಿಸಬಹುದು. ಮಕ್ಕಳ ಸಿಸ್ಟಮ್‌ಗಳಲ್ಲಿ ಡಿಸ್ಕೇ ಇಲ್ಲ. ಕರೆಂಟ್ ಫಕ್ಕನೆ ಹೋದರೂ ಅಲ್ಲಿ ಕೆಡುವಂಥದ್ದು ಇಲ್ಲ. ಉಳಿಸದ ಕೆಲಸ ಮಾತ್ರ ಹೋಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕಂಟ್ರೋಲ್ ಎಸ್ ಒತ್ತುವುದನ್ನು ಮಕ್ಕಳಿಗೆ ರೂಢಿ ಮಾಡಿಸಿ.

ಹಾವೇರಿ ಹಾರ್ಡ್‌ವೇರ್

ಥ್ರೆಡ್ ಸ್ವಲ್ಪ ಪಕ್ಕಕ್ಕೆ ಎಳೆಯುತ್ತಿದ್ದೇನೆ, ಕ್ಷಮಿಸಿ. ಉಣಕಲ್ ಅಣ್ಣಾ, ನೀವು ಹೇಳಿದ ಆ ಕನ್ಸೋಲ್ ಕಡೆಯ ಟರ್ಮಿನಲ್ ಸರ್ವರ್ ನನಗೆ ಬೇಕು. ಎಂಟು ಸ್ವಿಚ್ ಇವೆ. ಸಿಸ್ಕೋ 2511 ಈಗ ತಗೋಬಹುದಾ?

ಉಣಕಲ್ ನೆಟ್‌ವರ್ಕ್

ಕಲಿಯುವುದಕ್ಕಾದರೆ ತಗೊಳ್ಳಿ. ಕೆಲಸಕ್ಕೆ ಬೇಡ. ಅದರ ಈಥರ್ನೆಟ್ ಎಯುಐ ಅನ್ನುವ ಹಳೆ ನಮೂನೆಯ ಪೋರ್ಟ್, ಈಗಿನ ಕೇಬಲ್ ಹಾಕಲು ಟ್ರಾನ್ಸಿವರ್ ಹುಡುಕಬೇಕು. ವೇಗ 10 ಮೆಗಾಬಿಟ್. ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಬಯಲಲ್ಲೇ ಹೋಗುತ್ತದೆ.

ನಾನಾದರೆ ಒಂದು ರಾಸ್ಪ್‌ಬೆರಿ ಪೈ ಅಥವಾ ಹಳೆ ಮಿನಿ ಸಿಸ್ಟಮ್ ತಗೊಂಡು, ಅದಕ್ಕೆ ಕರೆಂಟ್ ಅಡಾಪ್ಟರ್ ಇರುವ ಯುಎಸ್‌ಬಿ ಹಬ್, ಎಂಟು ಯುಎಸ್‌ಬಿ ಸೀರಿಯಲ್ ಕೇಬಲ್ ಹಾಕುತ್ತೇನೆ. ಸೆರ್2ನೆಟ್ ಅಂತ ಸಾಫ್ಟ್‌ವೇರ್ ಇದೆ, ಪ್ರತಿ ಕೇಬಲ್ಲಿಗೂ ಒಂದು ಪೋರ್ಟ್ ಕೊಡುತ್ತದೆ. ಅದನ್ನು ಆ ಡಬ್ಬಿಯ ಒಳಗಿನ ವಿಳಾಸಕ್ಕೆ ಮಾತ್ರ ತೆರೆದಿಡಿ, ಹೊರಗಿನಿಂದ ಎಸ್‌ಎಸ್‌ಎಚ್‌ನಲ್ಲಿ ಬನ್ನಿ. ಹೆಚ್ಚಿನ ಸಿಸ್ಕೋ ಸಾಧನಗಳಿಗೆ 9600 ವೇಗ, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್.

ಎಲ್ಲರೂ ಎಡವುವುದು ಒಂದೇ ಕಡೆ. ಡಬ್ಬಿ ರೀಸ್ಟಾರ್ಟ್ ಆದ ಮೇಲೆ ಕೇಬಲ್‌ಗಳ ಕ್ರಮ ಬದಲಾಗುತ್ತದೆ. ಮೂರನೇ ಸ್ವಿಚ್ ಅಂದುಕೊಂಡು ಐದನೆಯದರ ಮೇಲೆ ಆಜ್ಞೆ ಕೊಟ್ಟಿರುತ್ತೀರಿ. ಒಳ್ಳೆಯ ಎಫ್‌ಟಿಡಿಐ ಚಿಪ್ಪಿನ ಕೇಬಲ್‌ಗೆ ಒಂದೊಂದಕ್ಕೂ ಬೇರೆ ಸೀರಿಯಲ್ ನಂಬರ್ ಇರುತ್ತದೆ, ಅದನ್ನು ಹಿಡಿದು ಹೆಸರು ಕೊಡಿ. ಸಿಎಚ್340 ಚಿಪ್ಪಿನವಕ್ಕೆ ಆ ನಂಬರ್ ಇರುವುದಿಲ್ಲ. ಅಂಥವಿದ್ದರೆ ಹಬ್‌ನ ಯಾವ ತೂತಿಗೆ ಹಾಕಿದ್ದೀರಿ ಅನ್ನುವುದನ್ನು ಹಿಡಿದು ಹೆಸರು ಕೊಡಬೇಕು. ಆಮೇಲೆ ಕೇಬಲ್ ಅದಲು ಬದಲು ಮಾಡಬಾರದು. ಹಬ್ ಮೇಲೆ ಮಾರ್ಕರ್‌ನಿಂದ ನಂಬರ್ ಬರೆದುಬಿಡಿ.

ಬೆಟಗೇರಿ ಟೀಚರ್

ಐದು ವಾರದ ಮೇಲೆ ಬರೆಯುತ್ತಿದ್ದೇನೆ. ಲ್ಯಾಬ್ ನಡೆಯುತ್ತಿದೆ!

ಹುಬ್ಬಳ್ಳಿಗೆ ಹೋಗಿ ಕೊಪ್ಪಿಕರ್ ರೋಡ್ ಸುತ್ತಿ ಸಾಮಾನು ತಂದೆ. ಸೆಕೆಂಡ್ ಹ್ಯಾಂಡ್ ಟವರ್, ಐ5, 16 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಸೇರಿ 17,500. ಮಕ್ಕಳ ಫೈಲಿಗೆ ಇನ್ನೊಂದು ಎಸ್‌ಎಸ್‌ಡಿ 3,000. ಲ್ಯಾನ್ ಕಾರ್ಡ್ 900. 24 ಪೋರ್ಟಿನ ಗಿಗಾಬಿಟ್ ಸ್ವಿಚ್ 7,500. ಕೇಬಲ್ 7,500, ಅದರ ಕನೆಕ್ಟರ್‌ಗಳು 600. ಮೊದಲು ತೋರಿಸಿದ ಕೇಬಲ್ ಕೆರೆದು ನೋಡಿದೆ, ಬೆಳ್ಳಗಿತ್ತು. ಅಂಗಡಿ ಹುಡುಗ ಮಾತಾಡದೆ ಒಳಗಿನಿಂದ ಬೇರೆ ಬಾಕ್ಸ್ ತಂದ. ಯುಪಿಎಸ್ 3,200. ರ‍್ಯಾಮ್ 15 ಸ್ಟಿಕ್, ಒಂದಕ್ಕೆ 450ರಂತೆ 6,750. ಸೆಲ್ 16ಕ್ಕೆ 480. ಒಟ್ಟು 47,430. ಕೈಯಲ್ಲಿ 12,570 ಉಳಿದಿದೆ. ಅದರಲ್ಲಿ ಸರ್ವರ್‌ನಂಥದೇ ಇನ್ನೊಂದು ಸಿಸ್ಟಮ್, ಎಸ್‌ಎಸ್‌ಡಿ ಇಲ್ಲದ್ದು, ತಂದಿಡುವ ಯೋಚನೆ. ಮುಳಗುಂದ ನಾಕಾದವರು ಒಪ್ಪಿದ್ದಾರೆ. ಬಿಲ್ಲುಗಳ ಪ್ರತಿ ನೋಟಿಸ್ ಬೋರ್ಡಿಗೆ ಹಚ್ಚಿದ್ದೇನೆ.

16ರಲ್ಲಿ 15 ನಡೆಯುತ್ತಿವೆ. ಒಂದರ ಕೆಪಾಸಿಟರ್ ಉಬ್ಬಿತ್ತು, ಅದನ್ನು ಮಕ್ಕಳಿಗೆ ಬಿಚ್ಚಿ ತೋರಿಸಲು ಇಟ್ಟಿದ್ದೇನೆ. ಎಲ್ಲ ಒಟ್ಟಿಗೆ ಆನ್ ಮಾಡಿದರೆ ಲಾಗಿನ್ ಪರದೆ ಬರಲು ಒಂದೂವರೆ ನಿಮಿಷ. ತರಗತಿಯನ್ನು ಎರಡು ಭಾಗ ಮಾಡಿದೆ, 26 ಮಕ್ಕಳು ಒಂದು ಸಲ. ಈಗ ಒಂದು ಸಿಸ್ಟಮ್ಮಿಗೆ ಇಬ್ಬರು, ಕೆಲವಕ್ಕೆ ಒಬ್ಬರೇ. ಎಪಾಪ್ಟೀಸ್ ಅನ್ನುವ ಸಾಫ್ಟ್‌ವೇರ್ ಹಾಕಿದ್ದರಿಂದ 15 ಪರದೆಯೂ ನನ್ನ ಮುಂದೆ ಚಿಕ್ಕದಾಗಿ ಕಾಣುತ್ತವೆ. ಯಾರು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಅಂತ ಗೊತ್ತಾಗುತ್ತದೆ, ಎದ್ದು ಅವರ ಹತ್ತಿರ ಹೋಗುತ್ತೇನೆ.

ಹೊಸ ಮಕ್ಕಳ ಹೆಸರು ಸೇರಿಸಿದಾಗ ಅವರಿಗೆ ಲಾಗಿನ್ ಆಗಲಿಲ್ಲ. ಎಲ್‌ಟಿಎಸ್‌ಪಿ ಇನಿಟ್‌ಆರ್‌ಡಿ ಆಜ್ಞೆ ಮತ್ತೆ ಕೊಟ್ಟು ಸಿಸ್ಟಮ್ ರೀಸ್ಟಾರ್ಟ್ ಮಾಡಬೇಕು ಅಂತ ಧಾರವಾಡದ ಸರ್ ಫೋನಿನಲ್ಲಿ ಹೇಳಿದರು. ಬೇರೆಯವರಿಗೂ ಬೇಕಾಗಬಹುದು ಅಂತ ಇಲ್ಲಿ ಬರೆದೆ.

ಕೀಬೋರ್ಡ್ ಬಂದಿಲ್ಲ ಅಂದಿದ್ದ ಹುಡುಗಿ ನಿನ್ನೆ ತನ್ನ ಅಜ್ಜಿಯ ಬಗ್ಗೆ ಒಂದು ಪುಟ ಟೈಪ್ ಮಾಡಿದಳು. ಬೆಟಗೇರಿಯಲ್ಲಿ ಮಗ್ಗದ ಮುಂದೆ ಕೂತ ಅಜ್ಜಿ. 'ಒತ್ತು ಹೇಗೆ ಹಾಕುವುದು ಮಿಸ್' ಅಂತ ಎರಡು ಸಲ ಕೇಳಿದಳು, ಮೂರನೇ ಸಲ ಕೇಳಲಿಲ್ಲ.

ರಾಣೇಬೆನ್ನೂರು ರಿಪೇರಿ

ಅಕ್ಕೋರೆ, ಆ ಹದಿನಾರನೆಯ ಬೋರ್ಡ್ ಬಿಸಾಡಬೇಡಿ. ಮಕ್ಕಳಿಗೆ ತೋರಿಸಿ ಆದ ಮೇಲೆ ಯಾರ ಕೈಯಲ್ಲಾದರೂ ರಾಣೇಬೆನ್ನೂರಿಗೆ ಕಳಿಸಿ. ಕೆಪಾಸಿಟರ್ ನನ್ನ ಹತ್ತಿರ ಇವೆ, ಬದಲಾಯಿಸಿ ಕೊಡುತ್ತೇನೆ. ದುಡ್ಡು ಬೇಡ.

ಬೆಟಗೇರಿ ಟೀಚರ್

ಶನಿವಾರ ನಾನೇ ತರುತ್ತೇನೆ ಅಣ್ಣಾ.